ದೇವನಿಂದೆಯೂ ದಂಡಶಾಸನವೂ
(ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ನಮ್ಮ ದೇಶದಲ್ಲಿ ದೇವನಿಂದೆಯು ಅಪರಾಧವೇ ಎಂದು ಯಾರಾದರೂ ಕೇಳಿದರೆ ಹತ್ತರಲ್ಲಿ ಒಂಬತ್ತು ಜನರು ಹೌದೆಂದು ಹೇಳುವರು. ಹತ್ತನೆಯವನು ವಕೀಲನಾಗಿದ್ದರೆ ಕೊಂಚ ತಡೆದು, ‘ಹಾಗಲ್ಲ, ಅದರಲ್ಲಿ ಒಂದು ಭೇದವಿದೆ’ ಎಂದು ಹೇಳುವನು. ಆ ಭೇದವೇ ಇಂದಿನ ನಮ್ಮ ವಿಷಯ. ದೇವರನ್ನು ನಿಂದಿಸಿದವನಿಗೆ ಶಿಕ್ಷೆಯೆಂದು ನಮ್ಮ ದಂಡಶಾಸನದಲ್ಲಿ ಎಲ್ಲಿಯೂ ಬರೆದಿಲ್ಲ. ಬರೆದಿರುವದೇನೆಂದರೆ, ಯಾವದಾದರೊಂದು ವರ್ಗದ ನಾಗರಿಕರ ಮತಭಾವನೆಯನ್ನು ಕೆರಳಿಸುವ ಬುದ್ಧಿಪೂರ್ವಕವೂ ದ್ವೇಷಮೂಲವೂ ಆದ ಉದ್ದೇಶದಿಂದ ಅವರ ಮತವನ್ನಾಗಲಿ ಮತಶ್ರದ್ಧೆಯನ್ನಾಗಲಿ ಅವಮಾನಿಸುವವನು ಶಿಕ್ಷಾರ್ಹನು ಎಂದು. ಇಲ್ಲಿ ಕಾಯದೆಯು ಕಾಯುವದು ದೇವರನ್ನಲ್ಲ, ನೆರೆಮನೆಯವನ ಮನಸ್ಸನ್ನು. ಅದನ್ನು ಸುದ್ಧಾ ಬರಿಯ ನೋವಿನಿಂದಲ್ಲ, ನೋಯಿಸಬೇಕೆಂದೇ ಹೂಡಿದ ಹಗೆತನದಿಂದ. ‘ಬುದ್ಧಿಪೂರ್ವಕ’, ‘ದ್ವೇಷಮೂಲ’ ಎಂಬ ಈ ಎರಡು ಮಾತುಗಳು ಸರಕಾರವು ತಂದ ಮೊದಲಿನ ಮಸೂದೆಯಲ್ಲಿ ಇರಲಿಲ್ಲ. ಅವು 1927ರಲ್ಲಿ ಸಿಮ್ಲೆಯಲ್ಲಿ ಸೇರಿದ ಕೇಂದ್ರ ಶಾಸನಸಭೆಯ ವಾದವಿವಾದದಿಂದ ಹುಟ್ಟಿದವು. ಆ ವಿವಾದದ ಕಥೆಯನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇವೆ.

ಕಥೆಗೆ ಒಂದು ಹಿನ್ನೆಲೆಯುಂಟು. 1833ರಲ್ಲಿ ಇಂಗ್ಲಂಡದ ಪಾರ್ಲಿಮೆಂಟಿನಲ್ಲಿ ಯೆಹೂದ್ಯರಿಗೆ ನಾಗರಿಕ ಹಕ್ಕುಗಳನ್ನು ಕೊಡುವ ಚರ್ಚೆ ನಡೆದಾಗ ಮೆಕಾಲೆಯು ಎದ್ದು, ದೇವನಿಂದೆಯ ಕಾಯದೆಯ ಬಗ್ಗೆ ತನ್ನ ಮತವನ್ನು ತಿಳಿಸಿದನು. ಧರ್ಮದ ಸತ್ಯಾಸತ್ಯತೆಯನ್ನು ಚರ್ಚಿಸಲು ಎಲ್ಲರಿಗೂ ಸ್ವಾತಂತ್ರ್ಯವಿರಬೇಕು. ಆದರೆ ಕೇಳಲೊಲ್ಲದವನ ಕಿವಿಯಲ್ಲಿ, ನೋಡಲೊಲ್ಲದವನ ಕಣ್ಣೆದುರಿಗೆ ನೋವಿನ ಮಾತನ್ನೂ ನೋಟವನ್ನೂ ಬಲವಂತದಿಂದ ತುರುಕುವ ಹಕ್ಕು ಯಾರಿಗೂ ಇಲ್ಲವೆಂಬದು ಅವನ ವಾದದ ಸಾರ. ಹಿಂದುಸ್ಥಾನದಲ್ಲಿ ತಾನು ನ್ಯಾಯಾಧೀಶನಾಗಿದ್ದರೆ ಮಸೀದಿಯನ್ನು ಹೊಲೆಗೆಡಿಸಿದ ಕ್ರೈಸ್ತನನ್ನು ಹಿಂದೆಮುಂದೆ ನೋಡದೆ ಶಿಕ್ಷಿಸುವೆನೆಂದೂ ಅವನು ಹೇಳಿದನು. ನಮ್ಮ ಭಾಷೆಗಳ ಬಗ್ಗೆಯೂ ವಿದ್ಯೆಯ ಬಗ್ಗೆಯೂ ಅವನಾಡಿದ ತಿರಸ್ಕಾರದ ಮಾತುಗಳನ್ನು ನಾವು ಮರೆತಿಲ್ಲ. ಆದರೂ ಈ ಒಂದು ವಿಷಯದಲ್ಲಿ ಅವನ ದೃಷ್ಟಿ ಸ್ಪಷ್ಟವಾಗಿತ್ತೆಂದು ಒಪ್ಪಲೇಬೇಕು. 1837ರಲ್ಲಿ ಅವನ ಆಯೋಗವು ಸಿದ್ಧಪಡಿಸಿದ ಕರಡು 1860ರಲ್ಲಿ ಕಾಯದೆಯಾಗಿ 1862ರಿಂದ ಜಾರಿಗೆ ಬಂದಾಗ, ಮತಸಂಬಂಧದ ಅಪರಾಧಗಳ ಹದಿನೈದನೆಯ ಅಧ್ಯಾಯದಲ್ಲಿ ನಾಲ್ಕೇ ಕಲಮುಗಳಿದ್ದವು. ಪೂಜಾಸ್ಥಾನವನ್ನು ಕೆಡಿಸುವದು, ಪೂಜೆಗೆ ಕೂಡಿದವರಿಗೆ ಅಡ್ಡಿ ಮಾಡುವದು, ಸ್ಮಶಾನದಲ್ಲಿ ಅತಿಕ್ರಮಣ ಮಾಡುವದು, ಎದುರಿಗಿರುವವನ ಮತಭಾವನೆಯನ್ನು ನೋಯಿಸಬೇಕೆಂದೇ ಅವನಿಗೆ ಕೇಳುವಂತೆ ಮಾತಾಡುವದು ಇಲ್ಲವೆ ಕಾಣುವಂತೆ ಸನ್ನೆ ಮಾಡುವದು. ಇಷ್ಟೇ. ಬರೆದ ಪುಸ್ತಕದ ಮಾತು ಅಲ್ಲಿ ಇರಲಿಲ್ಲ. ಪುಸ್ತಕವನ್ನು ಓದಲೊಲ್ಲದವನು ಮುಚ್ಚಿ ಇಡಬಹುದಲ್ಲವೆ!

ಅದೇ ಕಾಲದಲ್ಲಿ ಇಂಗ್ಲಂಡದಲ್ಲಿಯಾದರೋ ದೇವನಿಂದೆಯ ಹಳೆಯ ಕಾಯದೆ ಇದ್ದೇ ಇತ್ತು. ಅದು ಕ್ರೈಸ್ತಧರ್ಮವೊಂದನ್ನೇ, ಅದರಲ್ಲಿಯೂ ರಾಜಮಾನ್ಯವಾದ ಇಗರ್ಜಿಯನ್ನೇ ಕಾಯುತ್ತಿತ್ತು. ಗಾಟ್ ಎಂಬವನಿಗೆ 1921ರ ಕೊನೆಗೆ ಆ ಕಾಯದೆಯಂತೆ ಒಂಬತ್ತು ತಿಂಗಳ ಕಠಿಣ ಶಿಕ್ಷೆಯಾಯಿತು. ಇಂಗ್ಲಂಡವು ಆ ಕಾಯದೆಯನ್ನು ತೆಗೆದುಹಾಕಿದ್ದು 2008ರಲ್ಲಿ. ಹಿಂದುಸ್ಥಾನದಲ್ಲಿ ಅದನ್ನು ತರುವ ಧೈರ್ಯ ಆಳರಸರಿಗೂ ಆಗಲಿಲ್ಲ. ಇಷ್ಟು ಮತಗಳಿರುವ ನಾಡಿನಲ್ಲಿ ಒಬ್ಬನ ಶ್ರದ್ಧೆಯ ಮಾತೇ ಇನ್ನೊಬ್ಬನಿಗೆ ನಿಂದೆಯಾಗಬಹುದು. ಇಂಥಲ್ಲಿ ಯಾವ ದೇವರ ಪರವಾಗಿ ಕಾಯದೆ ಮಾಡುವದು?

ಇನ್ನು ಲಾಹೋರಿಗೆ ಹೋಗೋಣ. 1924ರಲ್ಲಿ ಅಲ್ಲಿ ‘ರಂಗೀಲಾ ರಸೂಲ್’ ಎಂಬ ಉರ್ದು ಹೊತ್ತಗೆಯೊಂದು ಹೊರಬಿತ್ತು. ಬರೆದವರ ಹೆಸರಿರಲಿಲ್ಲ, ಪ್ರಕಾಶಕ ಮಹಾಶಯ ರಾಜಪಾಲ. ಪೈಗಂಬರರ ಗೃಹಜೀವನವನ್ನು ಕೀಳಾಗಿ ಎಣಿಸಿ ಬರೆದ ಹೊತ್ತಗೆಯದು. ಶಿರೋನಾಮೆಯೇ ಹೀನವಾದದ್ದು, ಒಳಗಿನ ಮಾತುಗಳನ್ನು ಈ ಸಭೆಯಲ್ಲಿ ಎತ್ತುವ ಕಾರಣವಿಲ್ಲ. ಮಹಾತ್ಮಾ ಗಾಂಧಿಯವರು ಆ ವರ್ಷದ ಜೂನದಲ್ಲಿಯೇ ‘ಯಂಗ್ ಇಂಡಿಯಾ’ದಲ್ಲಿ ಅದನ್ನು ಖಂಡಿಸಿ, ಇಂತಹದನ್ನು ಬರೆದು ಹಂಚುವದರಲ್ಲಿ ದ್ವೇಷವನ್ನು ಬೆಳೆಸುವದರ ಹೊರತು ಬೇರೆ ಉದ್ದೇಶವೇನಿರಬಹುದೆಂದು ಕೇಳಿದರು. ಆಗಿನ ಕಾಲವನ್ನು ತಾವು ನೆನಪಿಗೆ ತಂದುಕೊಳ್ಳಬೇಕು. ಅಸಹಕಾರದ ಹೊತ್ತಿನ ಹಿಂದೂ-ಮುಸಲ್ಮಾನರ ಐಕ್ಯವು ಒಡೆದಿತ್ತು. ಶುದ್ಧಿ, ಸಂಘಟನೆ, ತಬ್ಲೀಗ್, ತಂಜೀಮ್ ಎಂಬ ಮಾತುಗಳು ಎಲ್ಲೆಡೆ ಕೇಳುತ್ತಿದ್ದವು. 1924ರ ಸಪ್ಟೆಂಬರದಲ್ಲಿ ವಾಯವ್ಯ ಸರಹದ್ದಿನ ಕೋಹಾಟದಲ್ಲಿ ಒಂದು ಪದ್ಯದ ಹಾಳೆಯ ನೆವದಿಂದ ಗಲಭೆಯೆದ್ದು, ಅಲ್ಲಿಯ ಹಿಂದುಗಳು ಊರನ್ನೇ ಬಿಟ್ಟು ಹೋಗಬೇಕಾಯಿತು. 1926ರ ಡಿಸೆಂಬರದಲ್ಲಿ ದಿಲ್ಲಿಯಲ್ಲಿ ಸ್ವಾಮಿ ಶ್ರದ್ಧಾನಂದರ ಕೊಲೆಯಾಯಿತು. ಇಂಥ ಬಿರುಬೇಸಿಗೆಯಲ್ಲಿ ಒಂದು ಹೊತ್ತಗೆಯೆಂದರೆ ಕಿಡಿಯೇ ಸರಿ.

ಸರಕಾರವು ರಾಜಪಾಲನ ಮೇಲೆ 153-ಎ ಕಲಮಿನ ಪ್ರಕಾರ ಖಟ್ಲೆ ಹೂಡಿತು. ಪ್ರಜೆಗಳ ವರ್ಗವರ್ಗಗಳಲ್ಲಿ ವೈರವನ್ನು ಬೆಳೆಸುವದನ್ನು ಶಿಕ್ಷಿಸುವ ಈ ಕಲಮು 1898ರಲ್ಲಿ ಸೇರಿದ್ದು. ಖಟ್ಲೆಯು ವರ್ಷಗಟ್ಟಲೆ ಎಳೆಯಿತು. ಕೆಳಗಿನ ನ್ಯಾಯಾಲಯದಲ್ಲಿ ಶಿಕ್ಷೆಯಾಯಿತು. ಕೊನೆಗೆ ಹೈಕೋರ್ಟಿಗೆ ಹೋಯಿತು. 1927ರ ಮೇದಲ್ಲಿ ನ್ಯಾಯಮೂರ್ತಿ ದಲೀಪಸಿಂಗರು ರಾಜಪಾಲನನ್ನು ಬಿಡುಗಡೆ ಮಾಡಿದರು. ಹೊತ್ತಗೆ ಹೊಲಸೆಂಬದನ್ನು ಅವರು ಅಲ್ಲಗಳೆಯಲಿಲ್ಲ. ಅವರ ವಾದವಿಷ್ಟೇ: ಈ ಕಲಮು ಇಂದು ಬದುಕಿರುವ ಒಂದು ಸಮಾಜದ ಮೇಲೆ ವೈರವನ್ನು ಎಬ್ಬಿಸುವದನ್ನು ತಡೆಯಲು ಹುಟ್ಟಿದ್ದು, ಎಂದೋ ಆಗಿಹೋದ ಧರ್ಮಗುರುವಿನ ಜೀವನದ ಮೇಲಿನ ಟೀಕೆಯನ್ನೆಲ್ಲ, ಅದು ಎಷ್ಟೇ ಕೀಳಾಗಿರಲಿ, ಈ ಕಲಮಿನೊಳಗೆ ಎಳೆದುತಂದರೆ ಗಂಭೀರವಾದ ಇತಿಹಾಸಲೇಖಕನೂ ಸಿಕ್ಕಿಬೀಳುವನು. ನ್ಯಾಯಾಧೀಶನು ಇದ್ದ ಕಾಯದೆಯನ್ನು ಓದಬೇಕು, ಇಲ್ಲದ್ದನ್ನು ಬರೆಯಬಾರದು. ಇದರಲ್ಲಿ ತಪ್ಪು ಹುಡುಕುವದು ಕಠಿಣ.

ಆದರೆ ಪಂಜಾಬದ ಮುಸಲ್ಮಾನರಿಗೆ ಆದ ನೋವೂ ಸುಳ್ಳಲ್ಲ. ‘ಮುಸ್ಲಿಮ್ ಔಟ್‌ಲುಕ್’ ಪತ್ರವು ನ್ಯಾಯಮೂರ್ತಿಗಳು ರಾಜೀನಾಮೆ ಕೊಡಬೇಕೆಂದು ಬರೆಯಲು, ಅದರ ಸಂಪಾದಕನನ್ನೂ ಪ್ರಕಾಶಕನನ್ನೂ ನ್ಯಾಯಾಲಯನಿಂದೆಯ ಅಪರಾಧಕ್ಕಾಗಿ ಸೆರೆಗೆ ಕಳಿಸಿದರು. ಇಲ್ಲಿಯ ವಿಪರ್ಯಾಸವನ್ನು ನೋಡಿರಿ! ಒಬ್ಬ ನ್ಯಾಯಾಧೀಶನ ಮಾನವನ್ನು ಕಾಯಲು ಕಾಯದೆಗೆ ಕೆಲವು ವಾರಗಳು ಸಾಕಾದವು. ಕೋಟ್ಯವಧಿ ಜನರು ಪ್ರಾಣಕ್ಕಿಂತ ಹೆಚ್ಚೆಂದು ನಂಬಿದವರ ಮಾನದ ವಿಷಯದಲ್ಲಿ ಮೂರು ವರ್ಷ ಖಟ್ಲೆ ನಡೆದು, ಕೊನೆಗೆ ಕಾಯದೆಯೇ ಇಲ್ಲವೆಂದಾಯಿತು. ಲಾಹೋರಿನ ಬೀದಿಯಲ್ಲಿ ನಿಂತವನಿಗೆ ಇದು ಹೇಗೆ ಕಂಡಿರಬೇಕು?

ಅಷ್ಟರಲ್ಲಿ ಇನ್ನೊಂದು ಖಟ್ಲೆ ಬಂದಿತು. ಅಮೃತಸರದ ‘ರಿಸಾಲಾ-ಎ-ವರ್ತಮಾನ’ವೆಂಬ ಪತ್ರಿಕೆಯ ಲೇಖನವೊಂದರ ಬಗ್ಗೆ ಸರಕಾರವು ಬೇಗನೆ ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳ ಮುಂದೆ ವಿಚಾರಣೆ ನಡೆಯುವಂತೆ ಮಾಡಿತು. ಬ್ರಾಡ್‌ವೇ, ಸ್ಕೆಂಪ್ ಎಂಬ ಆ ಇಬ್ಬರು 1927ರ ಆಗಸ್ಟದಲ್ಲಿ, ಧರ್ಮಸ್ಥಾಪಕನ ಮೇಲಿನ ಹೀನವಾದ ದಾಳಿಯು ಸಾಮಾನ್ಯವಾಗಿ ಆ ಧರ್ಮದವರ ಮೇಲೆ ವೈರವನ್ನು ಬೆಳೆಸುವದೇ ಆದ್ದರಿಂದ 153-ಎ ಕಲಮಿಗೆ ಒಳಪಡುವದೆಂದು ತೀರ್ಪಿತ್ತರು. ಅಲಾಹಾಬಾದದ ಹೈಕೋರ್ಟು ಇಂತಹದೇ ಬೇರೊಂದು ಪುಸ್ತಕದ ಜಪ್ತಿಯ ವಿಷಯದಲ್ಲಿ ದಲೀಪಸಿಂಗರ ಮತವನ್ನು ಒಪ್ಪಿರಲಿಲ್ಲ. ಹೀಗೆ ಒಂದೇ ಕಲಮಿಗೆ ಎರಡು ಅರ್ಥಗಳಾದವು.

ಈ ಗೊಂದಲದ ನಡುವೆ ಸಿಮ್ಲೆಯ ಅಧಿವೇಶನದಲ್ಲಿ ಗೃಹಖಾತೆಯ ಸದಸ್ಯ ಕ್ರೀರರ್ ಸಾಹೇಬರು ಮಸೂದೆಯನ್ನು ಮಂಡಿಸಿದರು. ಅಧ್ಯಕ್ಷಪೀಠದಲ್ಲಿ ವಿಠ್ಠಲಭಾಯಿ ಪಟೇಲರಿದ್ದರು. ಉದ್ದೇಶಪೂರ್ವಕವಾಗಿ ಯಾವದೇ ಮತವನ್ನು ಅವಮಾನಿಸುವದು ಅಪರಾಧವೆಂಬದು ಮಸೂದೆಯ ತಿರುಳು. ಸರಕಾರದ ಪಕ್ಷದವರು ಹೇಳಿದ್ದು ಸರಳವಾಗಿತ್ತು: ಕಾಯದೆಯಲ್ಲಿ ಒಂದು ಕಂಡಿ ಉಳಿದಿದೆ, ನ್ಯಾಯಾಲಯಗಳ ಅರ್ಥಭೇದದ ಮೇಲೆ ದೇಶದ ಶಾಂತತೆಯನ್ನು ನಿಲ್ಲಿಸಲಾಗದು. ಕಾಯದೆಯಿಂದ ನ್ಯಾಯ ಸಿಗದೆಂದು ಕಂಡರೆ ಜನರು ಕೈಗೆ ಕತ್ತಿಯನ್ನು ತೆಗೆದುಕೊಳ್ಳುವರೆಂಬ ಭಯವೂ ಆ ವಾದದ ಹಿಂದೆ ಇತ್ತು.

ವಿರೋಧಿಸಿದವರು ಆ ಹೊತ್ತಗೆಯ ಪಕ್ಷಪಾತಿಗಳಾಗಿರಲಿಲ್ಲ. ಇದನ್ನು ಒತ್ತಿ ಹೇಳಬೇಕಾಗಿದೆ. ಈಗಿನ ಕಾಲದಲ್ಲಿ ಇಂಥ ಕಾಯದೆಯನ್ನು ಪ್ರಶ್ನಿಸಿದವನನ್ನು ಕೂಡಲೇ ನಿಂದಕನ ಮಿತ್ರನೆಂದು ಕರೆಯುವ ರೂಢಿ ಬಿದ್ದಿದೆ. ಸಿಮ್ಲೆಯಲ್ಲಿ ಭೇದವಿದ್ದದ್ದು, ಈ ಕಾಯದೆ ಬೆಳೆದು ಏನಾಗುವದೆಂಬದರಲ್ಲಿ. ಲಾಹೋರಿನ ಎರಡನೆಯ ತೀರ್ಪಿನಿಂದ ಇದ್ದ ಕಲಮೇ ಸಾಕಾಗುವದು, ಹೊಸದೇಕೆ ಎಂಬದು ಒಂದು ಆಕ್ಷೇಪ. ಒಂದು ಕ್ಷಣದ ಉದ್ವೇಗದಲ್ಲಿ ಮಾಡಿದ ಕಾಯದೆ ಉದ್ವೇಗವು ಇಳಿದ ಮೇಲೂ ಉಳಿಯುವದೆಂಬದು ಇನ್ನೊಂದು. ಎಲ್ಲಕ್ಕೂ ಗಟ್ಟಿಯಾದದ್ದು ಮೂರನೆಯದು: ಮತಸುಧಾರಕನ ಗತಿ ಏನು? ಬಾಲ್ಯವಿವಾಹ, ಅಸ್ಪೃಶ್ಯತೆ, ದೇವದಾಸಿಯ ಪದ್ಧತಿ ಇವುಗಳೆಲ್ಲ ಧರ್ಮದ ಹೆಸರಿನಲ್ಲಿಯೇ ನಿಂತಿರುವಾಗ, ಅವುಗಳನ್ನು ಖಂಡಿಸುವವನು ಯಾರದಾದರೂ ಮತಭಾವನೆಯನ್ನು ನೋಯಿಸದೆ ಬಾಯಿ ತೆರೆಯುವದು ಹೇಗೆ?

ಮಸೂದೆಯು ಸಿಲೆಕ್ಟ್ ಕಮಿಟಿಗೆ ಹೋಯಿತು. ಕಮಿಟಿಯ ವರದಿಯಲ್ಲಿ ನಮ್ಮನ್ನು ಬಹುವಾಗಿ ತಡೆದು ನಿಲ್ಲಿಸುವ ಒಂದು ವಿಚಾರವಿದೆ. ಸಮಾಜಸುಧಾರಣೆಯ ಒಳ್ಳೆಯ ಉದ್ದೇಶದಿಂದ ಲೇಖಕನೊಬ್ಬನು, ತನ್ನ ಟೀಕೆಯ ಕಡೆಗೆ ಜನರ ಲಕ್ಷ್ಯವನ್ನು ಎಳೆಯುವದಕ್ಕಾಗಿಯೇ, ಒಂದು ಮತದ ಅನುಯಾಯಿಗಳಿಗೆ ಪೆಟ್ಟು ತಾಗುವಂತೆ ಆ ಮತವನ್ನು ಅವಮಾನಿಸುವ ಮಾತಾಡಬಹುದು; ಅಂಥವನಿಗೆ ಈ ಶಿಕ್ಷೆ ತಗಲಬಾರದು ಎಂದು ಕಮಿಟಿಯವರು ಸ್ಪಷ್ಟವಾಗಿ ಬರೆದರು. ಆದಕಾರಣವೇ ‘ಬುದ್ಧಿಪೂರ್ವಕ’ವೆಂಬದರ ಜತೆಗೆ ‘ದ್ವೇಷಮೂಲ’ವೆಂಬದೂ ಸೇರಿ, ಮತಭಾವನೆಯನ್ನು ಕೆರಳಿಸುವದೇ ಉದ್ದೇಶವಾಗಿರಬೇಕೆಂಬ ಕಟ್ಟು ಬಿದ್ದಿತು. ಮುಹಮ್ಮದ ಅಲಿ ಜಿನ್ನಾ ಅವರು ಮಸೂದೆಯ ತತ್ತ್ವವನ್ನು ಒಪ್ಪಿದವರು. ಆದರೂ ಸಪ್ಟೆಂಬರ 5ರಂದು ಸಭೆಯಲ್ಲಿ ಎದ್ದು, ಇತಿಹಾಸವನ್ನು ಬರೆಯುವವರಿಗೂ ಸತ್ಯವನ್ನು ಶೋಧಿಸುವವರಿಗೂ ಪ್ರಾಮಾಣಿಕವಾಗಿ ಒಂದು ಮತವನ್ನು ಟೀಕಿಸುವವರಿಗೂ ರಕ್ಷಣೆ ಇರಲೇಬೇಕು, ಅದು ಮೂಲಭೂತ ತತ್ತ್ವವೆಂದು ಅವರು ನುಡಿದರು. ಮುಂದೆ ಅವರು ನಡೆದ ದಾರಿ ಬೇರೆ. ಅಂದಿನ ಆ ಮಾತನ್ನು ಅಂದಿನ ಸಭೆಯಲ್ಲಿಟ್ಟೇ ನೋಡುವದು ನ್ಯಾಯ.

ಕಮಿಟಿಯವರ ಆ ವಿಚಾರವನ್ನು ಓದುವಾಗ ಕನ್ನಡಿಗನ ಕಣ್ಣೆದುರಿಗೆ ಯಾರು ಬರುವರು? ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲವೆ? ಯಜ್ಞವನ್ನೂ ಜಾತಿಯನ್ನೂ ಕಲ್ಲುದೇವರ ವ್ಯಾಪಾರವನ್ನೂ ಅವರು ಮೆಲುದನಿಯಲ್ಲಿ ಟೀಕಿಸಿದವರಲ್ಲ. ಕೇಳಿದವರಿಗೆ ಚುರುಕು ಮುಟ್ಟುವಂತೆಯೇ ಆಡಿದರು. ಕನಕದಾಸರು ಕುಲದ ಹಮ್ಮನ್ನು ಕೆಣಕಿದರು. ಸರ್ವಜ್ಞನ ನಾಲಗೆಗೆ ಸಿಕ್ಕದ ಮತವಿಲ್ಲ, ಮಠವಿಲ್ಲ. ಸರಕಾರವು ಮೊದಲು ತಂದ ಮಸೂದೆಯ ಮಾತುಗಳಲ್ಲಿ ಇವರೆಲ್ಲರೂ ಆರೋಪಿಗಳಾಗಬಹುದಾಗಿತ್ತು. ಯಾಕಂದರೆ ಅವರು ಆಡಿದ್ದು ಬುದ್ಧಿಪೂರ್ವಕವಾಗಿಯೇ ಹೊರತು ಬಾಯಿತಪ್ಪಿ ಅಲ್ಲ. ಅವರಿಗೂ ರಾಜಪಾಲನ ಹೊತ್ತಗೆಯನ್ನು ಬರೆದವನಿಗೂ ಇರುವ ಅಂತರವು ‘ದ್ವೇಷ’ ಎಂಬ ಆ ಒಂದು ಮಾತಿನಲ್ಲಿದೆ. ಶರಣರು ಬೈದದ್ದು ತಮ್ಮವರನ್ನು, ತಮ್ಮವರ ಹಿತಕ್ಕಾಗಿ. ಹೊತ್ತಗೆಯವನು ಬೈದದ್ದು ನೆರೆಯವನನ್ನು, ಅವನನ್ನು ನೋಯಿಸುವ ಸಲುವಾಗಿ. ಈ ಭೇದವನ್ನು ಹಿಡಿಯದ ಕಾಯದೆ ಕನ್ನಡ ನಾಡಿಗೆ ಒಗ್ಗುವ ಕಾಯದೆಯಲ್ಲ.

1927ರ ಸಪ್ಟೆಂಬರದಲ್ಲಿ ಮಸೂದೆಯು ಅಂಗೀಕೃತವಾಗಿ, ಆ ವರ್ಷದ 25ನೆಯ ಕಾಯದೆಯಾಯಿತು. ದಂಡಶಾಸನಕ್ಕೆ 295-ಎ ಕಲಮು ಸೇರಿತು. ಶಿಕ್ಷೆ ಎರಡು ವರ್ಷದವರೆಗೆ ಸೆರೆ ಇಲ್ಲವೆ ದಂಡ, ಇಲ್ಲವೆ ಎರಡೂ. ಸರಕಾರದ ಮಂಜೂರಿಯಿಲ್ಲದೆ ನ್ಯಾಯಾಲಯವು ಇಂಥ ಖಟ್ಲೆಯನ್ನು ಕೈಗೆತ್ತಿಕೊಳ್ಳಕೂಡದೆಂಬ ಕಟ್ಟನ್ನೂ ಇಟ್ಟರು. ಯಾವನೋ ಒಬ್ಬನು ಹಗೆ ತೀರಿಸಿಕೊಳ್ಳಲು ನೆರೆಯವನನ್ನು ಕೋರ್ಟಿಗೆ ಎಳೆಯಬಾರದೆಂಬದು ಅದರ ಇಂಗಿತ.

ಆದರೆ ಅದೇ ಕಾಯದೆಯಲ್ಲಿ ಇನ್ನೊಂದು ಮಾತು ಸೇರಿತ್ತು. ಪುಸ್ತಕಗಳ ಜಪ್ತಿಗೆ ಸಂಬಂಧಿಸಿದ ಕ್ರಿಮಿನಲ್ ಪ್ರೊಸೀಜರ್ ಕೋಡಿನ 99-ಎ ಕಲಮಿಗೂ ಈ ಹೊಸ ಅಪರಾಧವನ್ನು ಕೂಡಿಸಿದರು. ಅಂದರೆ, ಲೇಖಕನ ಮೇಲೆ ಖಟ್ಲೆ ನಡೆಯದೆಯೇ, ಪುಸ್ತಕವು ಇಂತಹದೆಂದು ಪ್ರಾಂತ ಸರಕಾರಕ್ಕೆ ತೋರಿದರೆ ಸಾಕು, ಆಜ್ಞೆಯಿಂದಲೇ ಅದನ್ನು ಮುಟ್ಟುಗೋಲು ಹಾಕಬಹುದು. ಪೋಲೀಸರು ಬ್ರಿಟಿಶ್ ಹಿಂದುಸ್ಥಾನದಲ್ಲಿ ಎಲ್ಲಿ ಸಿಕ್ಕರೂ ಪ್ರತಿಗಳನ್ನು ಹಿಡಿಯಬಹುದು. ಅದಕ್ಕೆ ಒಪ್ಪದವನು ಹೈಕೋರ್ಟಿನ ಮೂವರು ನ್ಯಾಯಮೂರ್ತಿಗಳ ಮುಂದೆ ಹೋಗಬೇಕು. ಆಗ ಕನ್ನಡಿಗರು ಮುಂಬಯಿ, ಮದ್ರಾಸು, ಮೈಸೂರು, ನಿಜಾಮಶಾಹಿ, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕಾಲ. ಧಾರವಾಡದಲ್ಲಿ ಅಚ್ಚಾದ ಕನ್ನಡ ಹೊತ್ತಗೆಯ ಯೋಗ್ಯಾಯೋಗ್ಯತೆಯನ್ನು ಮುಂಬಯಿಯ ಸಚಿವಾಲಯವೂ ಮಂಗಳೂರಿನ ಹೊತ್ತಗೆಯದನ್ನು ಮದ್ರಾಸಿನ ಸಚಿವಾಲಯವೂ ನಿರ್ಣಯಿಸಬೇಕಾಗಿತ್ತು. ಲೇಖಕನ ಮನಸ್ಸಿನಲ್ಲಿ ದ್ವೇಷವಿತ್ತೋ ವ್ಯಂಗ್ಯವಿತ್ತೋ ಎಂಬದನ್ನು ಕನ್ನಡ ಬಾರದ ಅಧಿಕಾರಿಯು ಭಾಷಾಂತರಕಾರನ ಮೂಲಕ ತಿಳಿಯಬೇಕು! ವ್ಯಂಗ್ಯವು ಭಾಷಾಂತರದಲ್ಲಿ ಏನಾಗುವದೆಂಬದನ್ನು ಕನ್ನಡ ಮಾಸ್ತರರಿಗೆ ನಾವು ಹೇಳಬೇಕಾದದ್ದಿಲ್ಲ.

ಇಷ್ಟೆಲ್ಲ ಮಾಡಿದ್ದರಿಂದ ಲಾಹೋರಿನಲ್ಲಿ ಶಾಂತಿ ನೆಲೆಸಿತೆ? ಇಲ್ಲ. ಹೊಸ ಕಾಯದೆಯು ಹಿಂದಿನ ಕೃತ್ಯಕ್ಕೆ ತಗಲುವಂತಿರಲಿಲ್ಲ. ರಾಜಪಾಲನ ಮೇಲೆ ಹಲ್ಲೆಗಳು ನಡೆದು, ಕೊನೆಗೆ 1929ರ ಏಪ್ರಿಲ 6ರಂದು ಇಲ್ಮುದ್ದೀನನೆಂಬ ತರುಣನು ಅವನನ್ನು ಅಂಗಡಿಯಲ್ಲಿಯೇ ಇರಿದು ಕೊಂದನು. ಇಲ್ಮುದ್ದೀನನ ಅಪೀಲಿನಲ್ಲಿ ಹೈಕೋರ್ಟಿನ ಮುಂದೆ ವಾದಿಸಿದವರು ಜಿನ್ನಾ ಅವರೇ. ಅಪೀಲು ಬಿದ್ದುಹೋಗಿ ಆ ವರ್ಷದ ಅಕ್ಟೋಬರ 31ರಂದು ಮಿಯಾಂವಾಲಿಯ ಸೆರೆಮನೆಯಲ್ಲಿ ಅವನಿಗೆ ಗಲ್ಲಾಯಿತು. ಕಾಯದೆ ಇದ್ದರೆ ಕತ್ತಿ ಒರೆಯಲ್ಲಿ ಉಳಿಯುವದೆಂಬ ವಾದಕ್ಕೆ ಮೊದಲ ಪೆಟ್ಟು ಬಿದ್ದದ್ದು ಹೀಗೆ. ಆದರೂ ಒಂದೇ ಉದಾಹರಣೆಯಿಂದ ಕಾಯದೆ ನಿರರ್ಥಕವೆನ್ನುವದೂ ಸರಿಯಲ್ಲ. ನೊಂದವನಿಗೆ ಹೋಗಲು ಒಂದು ನ್ಯಾಯಾಲಯದ ಬಾಗಿಲಿರುವದು ಸಣ್ಣ ಮಾತಲ್ಲ.

ಸ್ವಾತಂತ್ರ್ಯವು ಬಂದು ರಾಜ್ಯಘಟನೆಯಾದ ಮೇಲೆ ಈ ಕಲಮು ಉಳಿಯಬಹುದೆ ಎಂಬ ಪ್ರಶ್ನೆ ಎದ್ದಿತು. ‘ಗೌರಕ್ಷಕ’ವೆಂಬ ಮಾಸಪತ್ರಿಕೆಯ ಸಂಪಾದಕ ರಾಮಜೀಲಾಲ ಮೋದಿಯವರಿಗೆ ಇದೇ ಕಲಮಿನಂತೆ ಶಿಕ್ಷೆಯಾಗಿ, 1957ರಲ್ಲಿ ವಿಷಯವು ಸುಪ್ರೀಮ್ ಕೋರ್ಟಿಗೆ ಬಂದಿತು. ಮುಖ್ಯ ನ್ಯಾಯಮೂರ್ತಿ ಎಸ್. ಆರ್. ದಾಸರ ಪೀಠವು ಕಲಮನ್ನು ಎತ್ತಿಹಿಡಿಯಿತು. ಆದರೆ ಯಾವ ಆಧಾರದ ಮೇಲೆ? ಮತಕ್ಕಾದ ಪ್ರತಿಯೊಂದು ಅವಮಾನವನ್ನೂ ಈ ಕಲಮು ಶಿಕ್ಷಿಸುವದಿಲ್ಲ. ತಿಳಿಯದೆ, ಅಜಾಗ್ರತೆಯಿಂದ, ಕೆರಳಿಸುವ ಉದ್ದೇಶವಿಲ್ಲದೆ ಆದ ಅವಮಾನ ಇದಕ್ಕೆ ಹೊರಗು. ಬುದ್ಧಿಪೂರ್ವಕವೂ ದ್ವೇಷಮೂಲವೂ ಆದ ಘೋರ ರೂಪವನ್ನಷ್ಟೇ ಇದು ಹಿಡಿಯುವದು. ಅಂತಹದು ಸಾರ್ವಜನಿಕ ಶಾಂತತೆಯನ್ನು ಕೆಡಿಸುವ ಒಲವುಳ್ಳದ್ದು. ಆದ್ದರಿಂದ ಕಲಮು ರಾಜ್ಯಘಟನೆಗೆ ವಿರುದ್ಧವಲ್ಲ. ನಮ್ಮ ಪ್ರಜಾರಾಜ್ಯದಲ್ಲಿ ಈ ಕಲಮು ಬದುಕಿ ಉಳಿದದ್ದು ಸಿಮ್ಲೆಯ ಶಂಕಾಳುಗಳು ಹಟ ಹಿಡಿದು ಪಡೆದ ಮಾತುಗಳ ಬಲದಿಂದ! 1961ರಲ್ಲಿ ಸಂಸತ್ತು ಶಿಕ್ಷೆಯನ್ನು ಮೂರು ವರ್ಷಕ್ಕೆ ಏರಿಸಿತು; ಆ ಮಾತುಗಳನ್ನು ಮಾತ್ರ ಮುಟ್ಟಲಿಲ್ಲ.

ಅವುಗಳನ್ನು ಬಿಟ್ಟುಬಿಟ್ಟರೆ ಏನಾಗುವದೆಂಬದಕ್ಕೆ ದೂರ ಹೋಗಬೇಕಾಗಿಲ್ಲ. ಇದೇ ದಂಡಶಾಸನ, ಇದೇ ಹದಿನೈದನೆಯ ಅಧ್ಯಾಯವು 1947ರಲ್ಲಿ ಪಾಕಿಸ್ತಾನಕ್ಕೂ ಹೋಯಿತು. ಅಲ್ಲಿ ಸೇನಾಧಿಪತಿ ಜಿಯಾ-ಉಲ್-ಹಕ್ಕರ ಆಳಿಕೆಯಲ್ಲಿ 1982ರಲ್ಲಿ ಕುರಾನಿನ ಪ್ರತಿಯನ್ನು ಹೊಲೆಗೆಡಿಸುವ ಬಗ್ಗೆ 295-ಬಿ ಕಲಮನ್ನು, 1986ರಲ್ಲಿ ಪೈಗಂಬರರ ಹೆಸರಿನ ಬಗ್ಗೆ 295-ಸಿ ಕಲಮನ್ನು ಕೂಡಿಸಿದರು. ಎರಡನೆಯದಕ್ಕೆ ಮರಣದಂಡನೆಯವರೆಗೆ ಶಿಕ್ಷೆ. ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ, ಸೂಚನೆಯಿಂದಾಗಲಿ, ಆಡಿದ ಮಾತೆಲ್ಲ ಅದರ ಬಲೆಗೆ ಬೀಳುವದು. ಬುದ್ಧಿಪೂರ್ವಕ, ದ್ವೇಷಮೂಲ ಎಂಬ ಮಾತುಗಳು ಅದರಲ್ಲಿ ಇಲ್ಲ. 2010ರಲ್ಲಿ ಅಲ್ಲಿಯ ರಾಷ್ಟ್ರೀಯ ಸಭೆಯ ಸದಸ್ಯೆ ಶೆರಿ ರೆಹಮಾನರು ಈ ಕಾಯದೆಯನ್ನು ತಿದ್ದುವ ಮಸೂದೆಯನ್ನು ಸಲ್ಲಿಸಿದರು. ಕಾಯದೆಯ ದುರುಪಯೋಗವನ್ನು ಬಹಿರಂಗವಾಗಿ ಖಂಡಿಸಿದ ಪಂಜಾಬದ ಗವರ್ನರ ಸಲ್ಮಾನ ತಾಸೀರರನ್ನು 2011ರ ಜನೇವರಿ 4ರಂದು ಅವರ ಅಂಗರಕ್ಷಕನೇ ಗುಂಡಿಟ್ಟು ಕೊಂದನು. ಅಲ್ಪಸಂಖ್ಯಾತರ ಖಾತೆಯ ಮಂತ್ರಿ ಶಹಬಾಜ ಭಟ್ಟಿಯವರು ಮಾರ್ಚದಲ್ಲಿ ಕೊಲೆಯಾದರು. ಮಸೂದೆಯು ಚರ್ಚೆಗೆ ಬರದೆ ಹಿಂದಕ್ಕೆ ಹೋಯಿತು. 1927ರಲ್ಲಿ ಪರಕೀಯರ ಆಳಿಕೆಯಲ್ಲಿಯೂ ಹಿಂದುಗಳು, ಮುಸಲ್ಮಾನರು, ಯುರೋಪಿಯನ್ನರು ಒಂದೇ ಕಮಿಟಿಯಲ್ಲಿ ಕುಳಿತು ಮಾತುಮಾತನ್ನೂ ತೂಗಿ ನೋಡಿದರು. ಎಂಬತ್ತು ವರ್ಷಗಳ ತರುವಾಯ ಸ್ವತಂತ್ರ ದೇಶವೊಂದರ ಸಭೆಯಲ್ಲಿ ಆ ಮಾತನ್ನು ಎತ್ತುವದೇ ಪ್ರಾಣಕ್ಕೆ ಎರವಾಯಿತು.

ನಾವು ಬೀಗಬೇಕಾದ ಕಾರಣವಿದೆಯೆ? ಅಷ್ಟಾಗಿ ಇಲ್ಲವೆಂದು ನಮಗೆ ತೋರುತ್ತದೆ. ನಮ್ಮ ಕಾಯದೆಯಲ್ಲಿ ಮಾತುಗಳು ಉಳಿದಿವೆ. ಆದರೆ ಅವು ಕೆಲಸ ಮಾಡುವದು ಖಟ್ಲೆಯ ಕೊನೆಗೆ, ನ್ಯಾಯಾಧೀಶನ ಮುಂದೆ. ಮೊದಲ ದಿನ ಪೋಲೀಸ ಠಾಣೆಯಲ್ಲಿ ಅವುಗಳನ್ನು ಕೇಳುವವರಾರು? ಈಗ ಈ ಅಪರಾಧಕ್ಕೆ ಪೋಲೀಸರು ವಾರಂಟಿಲ್ಲದೆ ಹಿಡಿಯಬಹುದು. ಜಾಮೀನು ಹಕ್ಕಿನಿಂದ ಸಿಗುವದಿಲ್ಲ. ಸರಕಾರದ ಮಂಜೂರಿಯು ಬೇಕಾಗುವದು ನ್ಯಾಯಾಲಯವು ವಿಷಯವನ್ನು ಕೈಗೆತ್ತಿಕೊಳ್ಳುವಾಗ; ಬಂಧನಕ್ಕೆ ಅದು ಬೇಡ. ಹೀಗಾಗಿ ಕೊನೆಗೆ ನಿರಪರಾಧಿಯೆಂದು ಬಿಡುಗಡೆ ಹೊಂದುವವನೂ ಮೊದಲೇ ಶಿಕ್ಷೆಯನ್ನು ಉಂಡು ಮುಗಿಸಿರುತ್ತಾನೆ. ಒಂದು ವ್ಯಾಪಾರಪತ್ರಿಕೆಯು ಕ್ರಿಕೆಟ್ ಆಟಗಾರ ಧೋನಿಯವರನ್ನು ವಿಷ್ಣುವಿನ ರೂಪದಲ್ಲಿ, ಕೈಗಳಲ್ಲಿ ಜಾಹೀರಾತಿನ ಸರಕುಗಳನ್ನು ಕೊಟ್ಟು, ಮುಖಪುಟದಲ್ಲಿ ಅಚ್ಚು ಹಾಕಿದ್ದು 2013ರಲ್ಲಿ. ಅನಂತಪುರದಲ್ಲಿ ಫಿರ್ಯಾದಾಯಿತು. ಇಲ್ಲಿ ದ್ವೇಷಮೂಲವಾದ ಉದ್ದೇಶವೇ ಇಲ್ಲವೆಂದು ಸುಪ್ರೀಮ್ ಕೋರ್ಟು ಹೇಳಿ ಅದನ್ನು ರದ್ದುಗೊಳಿಸಿದ್ದು 2017ರಲ್ಲಿ. ಚಿತ್ರವು ನಮಗೂ ರುಚಿಸುವಂತಹದಲ್ಲ. ಆದರೆ ಅರುಚಿಗೆ ನಾಲ್ಕು ವರ್ಷ ಬೇಕೆ? ಅವರಿಗೆ ದೊಡ್ಡ ವಕೀಲರಿದ್ದರು. ತಾಲೂಕಿನ ಊರೊಂದರ ಮಾಸ್ತರನು ತರಗತಿಯಲ್ಲಿ ಆಡಿದ ಮಾತಿಗೆ ಫಿರ್ಯಾದಾದರೆ ಅವನು ಎಲ್ಲಿಗೆ ಹೋಗಬೇಕು?

ಇನ್ನು ಜಪ್ತಿಯ ಮಾತು. ಹಳೆಯ 99-ಎ ಕಲಮು 1973ರ ಕೋಡಿನಲ್ಲಿ 95ನೆಯ ಕಲಮಾಯಿತು. ಅದರ ಪೆಟ್ಟು ಕನ್ನಡಕ್ಕೇ ಬಿದ್ದಿದೆ. ಪಿ. ವಿ. ನಾರಾಯಣರು ಶರಣರ ಕಾಲದ ವಸ್ತುವನ್ನು ಕುರಿತು ಬರೆದ ‘ಧರ್ಮಕಾರಣ’ವೆಂಬ ಕಾದಂಬರಿಯನ್ನು 1997ರಲ್ಲಿ ನಮ್ಮ ರಾಜ್ಯಸರಕಾರವು ಮುಟ್ಟುಗೋಲು ಹಾಕಿತು. ಬರಗೂರು ರಾಮಚಂದ್ರಪ್ಪನವರು ಮೊದಲಾದವರು ಅದನ್ನು ಪ್ರಶ್ನಿಸಿದರು, ಹೈಕೋರ್ಟು ಒಪ್ಪಲಿಲ್ಲ, 2007ರ ಮೇ 2ರಂದು ಸುಪ್ರೀಮ್ ಕೋರ್ಟೂ ಸರಕಾರದ ಆಜ್ಞೆಯನ್ನೇ ಎತ್ತಿಹಿಡಿಯಿತು. ಆ ಕಾದಂಬರಿಯಿಂದ ನೊಂದವರ ಮಾತನ್ನು ನಾವು ತಳ್ಳಿಹಾಕುವದಿಲ್ಲ, ನೋವು ನಿಜವಾದದ್ದೇ. ಆದರೆ ನಮ್ಮನ್ನು ಕಾಡುವದು ಬೇರೊಂದು ಸಂಗತಿ. ಒಬ್ಬ ಲೇಖಕನನ್ನು ಸೆರೆಗೆ ಕಳಿಸಬೇಕಾದರೆ ಅವನ ಉದ್ದೇಶವನ್ನು ಸಾಕ್ಷಿಪುರಾವೆಯಿಂದ ಸಿದ್ಧಮಾಡಬೇಕು. ಅವನ ಪುಸ್ತಕವನ್ನು ಸೆರೆಗೆ ಹಾಕಲು ಸರಕಾರಕ್ಕೆ ‘ತೋರಿದರೆ’ ಸಾಕು. ಇದನ್ನು ತಿದ್ದಬೇಕೆಂಬದು ನಮ್ಮ ಸ್ಪಷ್ಟ ಅಭಿಪ್ರಾಯ. ಕರ್ನಾಟಕವು ಒಂದಾದರೆ ಕನ್ನಡ ಪುಸ್ತಕದ ನ್ಯಾಯವನ್ನು ಕನ್ನಡ ಬಲ್ಲವರೇ ಮಾಡುವರೆಂದು ಹಿಂದಿನವರು ಹಂಬಲಿಸಿದರು. ಅದು 1956ರಲ್ಲಿ ಕೈಗೂಡಿತು. ಕನ್ನಡ ಬಲ್ಲ ಸರಕಾರವೂ ಅದೇ ಹಳೆಯ ಆಯುಧವನ್ನೇ ಎತ್ತಿತಲ್ಲ!

2023ರ ಡಿಸೆಂಬರದಲ್ಲಿ ಸಂಸತ್ತು ಹಳೆಯ ದಂಡಶಾಸನವನ್ನೇ ತೆಗೆದು ಹೊಸದನ್ನು ಅಂಗೀಕರಿಸಿತು. ಲೋಕಸಭೆ, ರಾಜ್ಯಸಭೆಗಳ ವಿರೋಧಪಕ್ಷಗಳ ನೂರಕ್ಕೂ ಮಿಕ್ಕಿದ ಸದಸ್ಯರು ಆ ಹೊತ್ತಿನಲ್ಲಿ ಅಮಾನತುಗೊಂಡು ಹೊರಗಿದ್ದರು. 2024ರ ಜುಲೈ 1ರಿಂದ 295-ಎ ಕಲಮು ಭಾರತೀಯ ನ್ಯಾಯಸಂಹಿತೆಯ 299ನೆಯ ಕಲಮಾಗಿದೆ. ಅಂಕೆ ಬದಲಾಯಿತು, ಸಿಮ್ಲೆಯ ಎರಡು ಮಾತುಗಳು ಅಲ್ಲಿಯೂ ಉಳಿದಿವೆ.

ತಮ್ಮಲ್ಲಿ ನಮ್ಮದೊಂದು ಬಿನ್ನಹವುಂಟು. 1927ರ ಆ ಅಧಿವೇಶನದ ವರದಿಗಳು ಅಚ್ಚಾಗಿ ದೊಡ್ಡ ಗ್ರಂಥಾಲಯಗಳಲ್ಲಿ ಇಂಗ್ಲೀಷಿನಲ್ಲಿ ಕುಳಿತಿವೆ. ಫಿರ್ಯಾದನ್ನು ಬರೆಯುವವನು ಬರೆಯುವದು ಕನ್ನಡದಲ್ಲಿ. ಠಾಣೆಯಲ್ಲಿ ಅದನ್ನು ಓದುವ ಜಮಾದಾರನು ಓದುವದು ಕನ್ನಡದಲ್ಲಿ. ಸಿಲೆಕ್ಟ್ ಕಮಿಟಿಯ ಆ ನಾಲ್ಕಾರು ಪುಟಗಳಷ್ಟನ್ನಾದರೂ, ಸಭೆಯಲ್ಲಿ ಎರಡೂ ಪಕ್ಷದವರು ಆಡಿದ ಮುಖ್ಯ ಭಾಷಣಗಳನ್ನಾದರೂ, ಶಾಲಾಮಾಸ್ತರರೂ ವಕೀಲರೂ ಕೂಡಿ ತಿಳಿಗನ್ನಡಕ್ಕೆ ತರುವದಾದರೆ ಅಚ್ಚಿನ ಖರ್ಚಿನ ಒಂದು ಪಾಲನ್ನು ನಾವು ಹೊರಲು ಸಿದ್ಧರಿದ್ದೇವೆ. ಇಂಗ್ಲೀಷು ಚೆನ್ನಾಗಿ ಬಲ್ಲ ಇಬ್ಬರೂ ಕನ್ನಡ ಚೆನ್ನಾಗಿ ಬಲ್ಲ ಒಬ್ಬರೂ ಮುಂದೆ ಬಂದರೆ ಬರುವ ರಜೆಯಲ್ಲಿಯೇ ಕೆಲಸವನ್ನು ಆರಂಭಿಸಬಹುದು.